ತಲೆಸುತ್ತಿಗೆ ಚೀನದೇಶದ ಮದ್ದು: ತಿಯೆನ್‌ಮಾ ಗೆಡ್ಡೆಯೂ ಅದರ ಬೇಸಾಯವೂ

ಪೀಠಿಕೆ

ನಮ್ಮ ಹಳ್ಳಿಗಳಲ್ಲಿ ಯಾರಿಗಾದರೂ ತಲೆಸುತ್ತು ಬಂದರೆ, "ಪಿತ್ತ ಕೆರಳಿದೆ" ಎಂದು ಹೇಳಿ, ನಿಂಬೆಹಣ್ಣಿನ ಪಾನಕವನ್ನೋ ಜೀರಿಗೆಯ ಕಷಾಯವನ್ನೋ ಕೊಟ್ಟು ಮಲಗಿಸುವುದು ವಾಡಿಕೆಯಾಗಿದೆ. ಚೀನದೇಶದ ವೈದ್ಯರು ಇದೇ ತೊಂದರೆಯನ್ನು ಕಂಡಾಗ, ದೇಹದೊಳಗೆ ಗಾಳಿಯೆದ್ದಿದೆಯೆಂದು ಭಾವಿಸಿ, ಒಂದು ಬಗೆಯ ಒಣಗಿದ ಗೆಡ್ಡೆಯ ಬಿಲ್ಲೆಗಳನ್ನು ಕಷಾಯಕ್ಕೆ ಸೇರಿಸಿ ಕೊಡುವರು. ಈ ಗೆಡ್ಡೆಗೆ ತಿಯೆನ್‌ಮಾ ಎಂದು ಹೆಸರು. ಸಸ್ಯಶಾಸ್ತ್ರಜ್ಞರು ಇದನ್ನು ಗ್ಯಾಸ್ಟ್ರೋಡಿಯ ಎಲೇಟ ಎಂದು ಕರೆಯುವರು.

ಹೊರದೇಶದ ಔಷಧಿಬೆಳೆಗಳ ಹೆಸರನ್ನು ಕೇಳಿದೊಡನೆ ಭೂಮಾಲಿಕರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಹುಟ್ಟುವುದು ಸಹಜವೇ ಆಗಿದೆ. ಈ ಮದ್ದು ನಿಜವಾಗಿ ಗುಣ ಕೊಡುವುದೇ ಎಂಬುದು ಮೊದಲನೆಯದು. ಇದನ್ನು ನಮ್ಮ ನೆಲದಲ್ಲಿ ಬೆಳೆಯಬಹುದೇ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಕಂಡುಕೊಳ್ಳಬೇಕಾದರೆ, ಈ ಗಿಡವು ಹೇಗೆ ಬದುಕುವುದೆಂಬುದನ್ನು ಮೊದಲು ತಿಳಿಯಬೇಕು. ಏಕೆಂದರೆ ಇದರ ಬಾಳು ಬೇರೆ ಯಾವ ಬೆಳೆಯ ಬಾಳಿನಂತೆಯೂ ಇಲ್ಲ. ಇದರ ಗುಟ್ಟನ್ನು ಅರಿಯುವವರೆಗೆ ಚೀನದ ಬೇಸಾಯಗಾರರೂ ಇದನ್ನು ಬೆಳೆಯಲಾರದೆ, ಕಾಡಿನಲ್ಲಿ ಹುಡುಕಿ ಅಗೆದು ತರುತ್ತಿದ್ದರು.

೧. ಗಿಡದ ಸ್ವರೂಪ

ತಿಯೆನ್‌ಮಾ ಸೀತಾಳೆ ಹೂವಿನ ಜಾತಿಗೆ, ಎಂದರೆ ಆರ್ಕಿಡ್ ಕುಟುಂಬಕ್ಕೆ ಸೇರಿದ ಸಸ್ಯ. ಆದರೆ ಇದಕ್ಕೆ ಹಸುರು ಎಲೆಯಿಲ್ಲ. ಬೇರೂ ಇಲ್ಲವೆಂದೇ ಹೇಳಬಹುದು. ತನ್ನ ಆಯುಷ್ಯದ ಬಹುಭಾಗವನ್ನು ಇದು ನೆಲದೊಳಗೆ ಗೆಡ್ಡೆಯಾಗಿಯೇ ಕಳೆಯುವುದು. ಪೂರ್ಣ ಬಲಿತ ಗೆಡ್ಡೆಯು ಮೂರರಿಂದ ಆರು ಅಂಗುಲ ಉದ್ದವಿದ್ದು, ಆಲೂಗೆಡ್ಡೆಯಂತೆ ಮಾಸಲು ಹಳದಿ ಬಣ್ಣವಾಗಿರುವುದು. ಅದರ ಮೈಮೇಲೆ ಚುಕ್ಕೆಗಳಿಂದಾದ ಉಂಗುರಗಳು ಸಾಲಾಗಿ ಕಾಣುವುವು.

ಬೇಸಗೆಯ ಮೊದಲಲ್ಲಿ ಬಲಿತ ಗೆಡ್ಡೆಯ ತುದಿಯಿಂದ ಒಂದೇ ಒಂದು ಹೂದಂಟು ನೆಟ್ಟಗೆ ಮೇಲೇಳುವುದು. ಅದು ಸಾಮಾನ್ಯವಾಗಿ ಒಂದರಿಂದ ಮೂರು ಅಡಿ, ಕೆಲವು ವೇಳೆ ಆಳೆತ್ತರ ಬೆಳೆಯುವುದು. ಇಟ್ಟಿಗೆಗೆಂಪು ಬಣ್ಣದ ಈ ದಂಟಿನ ಮೇಲೆ ಎಲೆಗಳಿಗೆ ಬದಲಾಗಿ ಒಣಸಿಪ್ಪೆಯಂತಹ ಪೊರೆಗಳಿರುವುವು. ನೆಲದಲ್ಲಿ ನೆಟ್ಟ ಬಾಣದಂತೆ ತೋರುವುದರಿಂದ ಚೀನೀಯರ ಪುರಾತನ ಔಷಧಿಗ್ರಂಥವಾದ ಷೆನ್‌ನೋಂಗ್ ಬೆನ್‌ತ್ಸಾವ್ ಜಿಂಗ್‌ನಲ್ಲಿ ಇದನ್ನು "ಕೆಂಪು ಬಾಣ" ಎಂಬ ಅರ್ಥದ ಹೆಸರಿನಿಂದ ಕರೆಯಲಾಗಿದೆ.

ಈ ಗಿಡವು ಚೀನ, ಜಪಾನ್ ಮತ್ತು ಕೊರಿಯ ದೇಶಗಳಲ್ಲಿಯೂ, ಹಿಮಾಲಯದ ತಪ್ಪಲಿನಲ್ಲಿ ನೇಪಾಳದಿಂದ ಪೂರ್ವಕ್ಕೂ ಕಾಡುಗಿಡವಾಗಿ ಬೆಳೆಯುವುದು. ಇದೇ ಕುಲಕ್ಕೆ ಸೇರಿದ ಬೇರೊಂದು ಸಣ್ಣ ಜಾತಿಯು ಕೇರಳದ ಸೈಲೆಂಟ್ ವ್ಯಾಲಿ ಕಾಡಿನಲ್ಲಿ ದೊರೆತು, ಆ ಕಣಿವೆಯ ಹೆಸರನ್ನೇ ಪಡೆದಿದೆ. ಆದರೆ ಅದು ಔಷಧಿಯ ತಿಯೆನ್‌ಮಾ ಅಲ್ಲವೆಂಬುದನ್ನು ನೆನಪಿನಲ್ಲಿಡತಕ್ಕದ್ದು.

೨. ವೈದ್ಯದಲ್ಲಿ ಇದರ ಪೂರ್ವಚರಿತ್ರೆ

ಗಾಳಿ ಬೀಸಿದರೂ ಈ ಗಿಡದ ದಂಟು ಅಲುಗದೆ ನಿಲ್ಲುವುದೆಂದು ಚೀನದ ಹಿಂದಿನವರು ನಂಬಿದ್ದರು. ಆದುದರಿಂದ ಇದಕ್ಕೆ "ಗಾಳಿಯನ್ನು ನಿಲ್ಲಿಸುವ ಮೂಲಿಕೆ" ಎಂಬ ಮತ್ತೊಂದು ಹೆಸರೂ ಬಂದಿತು. ತಲೆಸುತ್ತು, ನಡುಕ, ಸೆಳವು, ಅರೆತಲೆನೋವು ಮುಂತಾದುವು ಯಕೃತ್ತಿನ ಕಡೆಯಿಂದ ಏಳುವ ಒಳಗಾಳಿಯ ಕೆಲಸವೆಂಬುದು ಆ ದೇಶದ ವೈದ್ಯರ ಮತ. ನಮ್ಮ ಆಯುರ್ವೇದದಲ್ಲಿಯೂ "ಭ್ರಮ"ವೆಂಬ ತಲೆಸುತ್ತನ್ನು ವಾತಪಿತ್ತಗಳ ವಿಕಾರವೆಂದು ಎಣಿಸಿರುವುದರಿಂದ, ಎರಡು ದೇಶಗಳ ಹಿರಿಯರ ಯೋಚನೆಯು ಸಮೀಪದ ದಾರಿಯಲ್ಲಿಯೇ ನಡೆದುದು ಕಂಡುಬರುವುದು.

ಲಿ ಷಿಜೆನ್ ಎಂಬ ಪ್ರಸಿದ್ಧ ವೈದ್ಯನು ೧೫೭೮ರಲ್ಲಿ ಮುಗಿಸಿದ ಬೆನ್‌ತ್ಸಾವ್ ಗಾಂಗ್‌ಮು ಎಂಬ ಮಹಾಗ್ರಂಥದಲ್ಲಿ ಈ ಗೆಡ್ಡೆಗೆ ಸ್ಥಾನವಿದೆ. ೧೭೩೨ರಲ್ಲಿ ಚೆಂಗ್ ಗುವೊಪೆಂಗ್ ಎಂಬ ವೈದ್ಯನು ಬರೆದ ಗ್ರಂಥದಲ್ಲಿ, ಕಫದಿಂದ ಉಂಟಾಗುವ ತಲೆಸುತ್ತಿಗೆಂದು ತಿಯೆನ್‌ಮಾ ಸೇರಿದ ಒಂದು ಕಷಾಯವನ್ನು ಹೇಳಿದೆ. ೨೦ನೆಯ ಶತಮಾನದ ನಡುಭಾಗದಲ್ಲಿ, ರಕ್ತದ ಒತ್ತಡದೊಂದಿಗೆ ಕಾಣುವ ತಲೆಸುತ್ತಿಗೂ ತಲೆನೋವಿಗೂ ಇದನ್ನು ಮುಖ್ಯವಾಗಿ ಉಳ್ಳ ಮತ್ತೊಂದು ಕಷಾಯವು ರೂಢಿಗೆ ಬಂದಿತು. ಈ ಎರಡು ಕಷಾಯಗಳೂ ಇಂದಿಗೂ ಬಳಕೆಯಲ್ಲಿವೆ. ಇಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಚೀನದ ವೈದ್ಯರು ತಿಯೆನ್‌ಮಾ ಒಂದನ್ನೇ ಕೊಡುವುದು ಅಪೂರ್ವ. ರೋಗಿಯ ಪ್ರಕೃತಿಯನ್ನು ನೋಡಿ, ಬೇರೆ ಮೂಲಿಕೆಗಳೊಂದಿಗೆ ಕೂಡಿಸಿಯೇ ಕೊಡುವರು.

೩. ಎಲೆಯಿಲ್ಲದ ಗಿಡಕ್ಕೆ ಅನ್ನವೆಲ್ಲಿಂದ?

ಹಸುರೆಲೆಯುಳ್ಳ ಗಿಡವು ಸೂರ್ಯನ ಬೆಳಕಿನಲ್ಲಿ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುವುದೆಂಬುದನ್ನು ವಾಚಕರು ಬಲ್ಲರು. ಹಸುರಿದ್ದರೂ ಇತರರನ್ನು ಆಶ್ರಯಿಸುವ ಗಿಡಗಳನ್ನೂ ಕಂಡಿರುವರು. ಶ್ರೀಗಂಧದ ಮರವು ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರು ಸಾರಗಳನ್ನು ಹೀರುವುದು. ಮಾವಿನ ಕೊಂಬೆಯ ಮೇಲಿನ ಬಂದಳಿಕೆಯೂ ಹಾಗೆಯೇ. ತಿಯೆನ್‌ಮಾ ಇವೆಲ್ಲಕ್ಕಿಂತ ಮುಂದೆ ಹೋಗಿದೆ. ಅದು ಗಿಡವನ್ನು ಹೀರದೆ, ಮರವನ್ನು ತಿನ್ನುವ ಅಣಬೆಯನ್ನು ತಿಂದು ಬದುಕುವುದು.

ಆ ಅಣಬೆಗೆ ಆರ್ಮಿಲೇರಿಯ ಎಂದು ಹೆಸರು. ಇದರ ಕೊಡೆಗಳು ಜೇನಿನ ಬಣ್ಣದವು. ಇದು ಸತ್ತ ಮರದಲ್ಲಿಯೂ ಬದುಕಿದ ಮರದ ಬೇರಿನಲ್ಲಿಯೂ ಬೆಳೆದು, ಕಪ್ಪು ದಾರದಂತಹ ಎಳೆಗಳನ್ನು ಮಣ್ಣಿನೊಳಗೆ ದೂರದವರೆಗೆ ಹರಿಯಿಸುವುದು. ಇದರ ನೂಲು ಹಿಡಿದ ಕಟ್ಟಿಗೆಯು ಕತ್ತಲಿನಲ್ಲಿ ಮಂದವಾಗಿ ಹೊಳೆಯುವುದೂ ಉಂಟು. ಈ ದಾರಗಳು ಗೆಡ್ಡೆಯನ್ನು ಮುಟ್ಟಿ ಒಳಹೊಕ್ಕಾಗ, ಗೆಡ್ಡೆಯ ಹೊರಪದರದ ಕೋಶಗಳು ಅಣಬೆಯನ್ನು ತಡೆದು, ಜೀರ್ಣಮಾಡಿಕೊಂಡು, ಅದರ ಸಾರದಿಂದ ತಾವು ಕೊಬ್ಬುವುವು. ಜಪಾನಿನ ಕುಸಾನೊ ಎಂಬ ಶಾಸ್ತ್ರಜ್ಞನು ಈ ಸಂಬಂಧವನ್ನು ಪರೀಕ್ಷಿಸಿ ೧೯೧೧ರಲ್ಲಿಯೇ ಪ್ರಕಟಿಸಿದನು.

ಬೀಜದ ಕಥೆಯು ಇನ್ನೂ ವಿಚಿತ್ರವಾದುದು. ಒಂದೊಂದು ಕಾಯಿಯಲ್ಲಿ ಹತ್ತಾರು ಸಾವಿರ ಬೀಜಗಳಿದ್ದರೂ, ಅವು ಧೂಳಿನಷ್ಟು ಸಣ್ಣವು. ಮೊಳಕೆಗೆ ಬೇಕಾದ ಆಹಾರಸಂಗ್ರಹವು ಅವುಗಳಲ್ಲಿ ಇಲ್ಲ. ಉದುರಿದ ಎಲೆಗಳಲ್ಲಿ ವಾಸಿಸುವ ಮೈಸಿನ ಎಂಬ ಮತ್ತೊಂದು ಪುಟ್ಟ ಅಣಬೆಯು ಸೇರಿದಾಗ ಮಾತ್ರ ಬೀಜವು ಅದನ್ನು ಉಂಡು ಮೊಳೆಯುವುದು. ಮೊಳೆತ ಬಳಿಕ ಆರ್ಮಿಲೇರಿಯ ಬಂದು ಕೂಡಿಕೊಳ್ಳದಿದ್ದರೆ ಆ ಮೊಳಕೆಯು ಸೊರಗಿ ಹೋಗುವುದು. ಹೀಗೆ ಹುಟ್ಟುವಾಗ ಒಬ್ಬ ದಾದಿಯೂ ಬೆಳೆಯುವಾಗ ಇನ್ನೊಬ್ಬ ದಾದಿಯೂ ಈ ಕೂಸಿಗೆ ಬೇಕು.

೨೦೧೮ರಲ್ಲಿ ಈ ಗಿಡದ ಸಂಪೂರ್ಣ ಜೀನುಗಳ ವಿವರವು ಪ್ರಕಟವಾಯಿತು. ಇದರಲ್ಲಿ ಸುಮಾರು ೧೯,೦೦೦ ಜೀನುಗಳು ಮಾತ್ರ ಇವೆಯೆಂದೂ, ಬೆಳಕಿನಿಂದ ಆಹಾರ ಮಾಡುವುದಕ್ಕೆ ಬೇಕಾದುವುಗಳಲ್ಲಿ ಅನೇಕವು ಕಳೆದುಹೋಗಿವೆಯೆಂದೂ ಅದರಿಂದ ತಿಳಿದುಬಂದಿತು. ಪರರ ಅನ್ನಕ್ಕೆ ಒಗ್ಗಿದವನು ತನ್ನ ಒಲೆಯನ್ನೇ ಕಿತ್ತುಹಾಕಿದಂತಾಯಿತು.

೪. ಕಾಡಿನ ಗೆಡ್ಡೆಯು ಬೆಳೆಯಾದುದು

ಶತಮಾನಗಳಿಂದ ಚೀನದ ಜನರು ಈ ಗೆಡ್ಡೆಯನ್ನು ಕಾಡಿನಿಂದಲೇ ತರುತ್ತಿದ್ದರು. ಬಲಿತ ಗೆಡ್ಡೆಯನ್ನು ಅಗೆದಾಗ ಹೂವೂ ಬೀಜವೂ ಇಲ್ಲವಾಗುವುದರಿಂದ, ಬೇಡಿಕೆಯು ಹೆಚ್ಚಿದಷ್ಟೂ ಕಾಡಿನ ಸಂತತಿಯು ಕುಗ್ಗುತ್ತ ಬಂದಿತು. ಗೆಡ್ಡೆಯನ್ನು ತಂದು ತೋಟದಲ್ಲಿ ನೆಟ್ಟರೆ ಅದು ಬೆಳೆಯದೆ, ಕೊಳೆತು ಇಲ್ಲವೆ ಸಣ್ಣದಾಗಿ ಹೋಗುತ್ತಿತ್ತು. ಗೊಬ್ಬರ ಹಾಕಿದರೂ ನೀರು ಹಾಯಿಸಿದರೂ ಫಲವಾಗಲಿಲ್ಲ. ಅನ್ನವಿಕ್ಕುವ ಅಣಬೆಯು ಮಣ್ಣಿನಲ್ಲಿ ಇಲ್ಲದಿದ್ದುದೇ ಇದಕ್ಕೆ ಕಾರಣ.

ಷು ಜಿನ್‌ತಾಂಗ್ ಎಂಬ ಶಾಸ್ತ್ರಜ್ಞರು ಹುಬೆ ಪ್ರಾಂತದ ಲಿಚುವಾನ್ ಎಂಬ ಬೆಟ್ಟಸೀಮೆಯಲ್ಲಿ ನಿಂತು ಈ ಸಮಸ್ಯೆಯನ್ನು ಪರಿಶೀಲಿಸಿದರು. ಅಣಬೆ ಹಿಡಿಸಿದ ಕಟ್ಟಿಗೆಯನ್ನು ಮೊದಲೇ ಸಿದ್ಧಮಾಡಿ, ಅದರ ಮಗ್ಗುಲಲ್ಲಿ ಗೆಡ್ಡೆಯನ್ನಿಟ್ಟು ಬೆಳೆಯುವ ಕ್ರಮವನ್ನು ಅವರು ೧೯೬೫ರಲ್ಲಿ ಸಾಧಿಸಿದರು. ಯುನ್ನಾನ್ ಪ್ರಾಂತದ ಜಾವೊತೊಂಗ್ ಸೀಮೆಯ ಷ್ಯಾವ್‌ತ್ಸಾವ್‌ಬಾ ಎಂಬಲ್ಲಿ ಝೌ ಷ್ಯುವಾನ್ ಎಂಬುವರು ೧೯೬೬ರಿಂದ ಗಿಡದ ಸಂಪೂರ್ಣ ಜೀವನಕ್ರಮವನ್ನು ಅಭ್ಯಾಸಮಾಡಿದರು. ಬೀಜವನ್ನು ಮೊಳೆಯಿಸುವ ಮೈಸಿನ ಅಣಬೆಯನ್ನು ಬೇರ್ಪಡಿಸಿ ಬಳಕೆಗೆ ತಂದುದು ೧೯೮೦ರ ದಶಕದ ಕೆಲಸ. ಇಂದು ಜಾವೊತೊಂಗ್ ಅಲ್ಲದೆ ಗುಯ್‌ಜೌ ಪ್ರಾಂತದ ದಾಫಾಂಗ್, ಷಾನ್ಷಿ ಪ್ರಾಂತದ ಹಾನ್‌ಜೊಂಗ್, ಆನ್‌ಹುಯ್ ಪ್ರಾಂತದ ಜಿನ್‌ಜಾಯ್ ಮುಂತಾದ ಬೆಟ್ಟಸೀಮೆಗಳಲ್ಲಿ ಇದು ರೈತರ ಮುಖ್ಯ ವರಮಾನಗಳಲ್ಲಿ ಒಂದಾಗಿದೆ.

೫. ಬೇಸಾಯದ ಕ್ರಮ

ನೆಲ ಮತ್ತು ಹವೆ: ಸಾಮಾನ್ಯವಾಗಿ ೩,೫೦೦ರಿಂದ ೬,೫೦೦ ಅಡಿ ಎತ್ತರದ, ತಂಪಾದ, ಮಂಜು ಕವಿಯುವ ಬೆಟ್ಟದ ಇಳಿಜಾರುಗಳು ಇದಕ್ಕೆ ಒಗ್ಗುವುವು. ಮಣ್ಣು ಮರಳುಮಿಶ್ರಿತವಾಗಿಯೂ ಸ್ವಲ್ಪ ಹುಳಿಯಾಗಿಯೂ ಇದ್ದು, ನೀರು ನಿಲ್ಲದಂತಿರಬೇಕು. ಮಣ್ಣಿನ ಉಷ್ಣತೆಯು ೨೦ರಿಂದ ೨೫ ಸೆಂಟಿಗ್ರೇಡ್ ಡಿಗ್ರಿಯಿದ್ದಾಗ ಬೆಳವಣಿಗೆಯು ಚೆನ್ನಾಗಿರುವುದು. ೩೦ ಡಿಗ್ರಿಯನ್ನು ಮೀರಿದರೆ ಅಣಬೆಯೂ ಗೆಡ್ಡೆಯೂ ಬೆಳೆಯುವುದನ್ನು ನಿಲ್ಲಿಸುವುವು. ಗೆಡ್ಡೆಯು ಚಳಿಗಾಲದಲ್ಲಿ ಕೆಲವು ವಾರ ತಂಪಿನಲ್ಲಿ ನಿದ್ರಿಸದಿದ್ದರೆ ಮುಂದೆ ಸರಿಯಾಗಿ ಮೊಳೆಯದು.

ಕಟ್ಟಿಗೆ: ಓಕ್, ಚೆಸ್ಟ್‌ನಟ್, ಭೂರ್ಜ ಮುಂತಾದ ಗಟ್ಟಿಮರಗಳ, ಎರಡರಿಂದ ಐದು ಅಂಗುಲ ದಪ್ಪದ ಕೊಂಬೆಗಳನ್ನು ಸುಮಾರು ಎರಡಡಿಯ ತುಂಡುಗಳಾಗಿ ಕಡಿಯುವರು. ತೊಗಟೆಯ ಮೇಲೆ ಒಂದೆರಡು ಅಂಗುಲಕ್ಕೊಂದರಂತೆ ಮೀನಿನ ಹುರುಪೆಯ ಆಕಾರದ ಕಚ್ಚುಗಳನ್ನು ಮಾಡುವರು. ಅಣಬೆಯ ನೂಲು ಈ ಕಚ್ಚುಗಳ ಮೂಲಕವೇ ಮರದೊಳಗೆ ಹೋಗುವುದು.

ಗುಣಿ: ಸುಮಾರು ಒಂದಡಿ ಆಳದ ಗುಣಿ ತೆಗೆದು, ತಳದಲ್ಲಿ ಒದ್ದೆಮಾಡಿದ ತರಗೆಲೆಯನ್ನು ಹಾಸಿ, ಅದರ ಮೇಲೆ ಕಟ್ಟಿಗೆಗಳನ್ನು ಸ್ವಲ್ಪ ಅಂತರ ಬಿಟ್ಟು ಜೋಡಿಸುವರು. ಅಣಬೆಯ ಬೀಜಕವನ್ನು ಕಟ್ಟಿಗೆಗಳ ಪಕ್ಕದಲ್ಲಿಟ್ಟು, ಗೆಡ್ಡೆಗಳನ್ನು ಕಟ್ಟಿಗೆಗೆ ತಾಗುವಂತೆ ಇರಿಸಿ, ಮಣ್ಣು ತುಂಬಿ, ಮೇಲೆ ತರಗೆಲೆ ಹೊದಿಸುವರು. ಇದಕ್ಕೆ ಗೊಬ್ಬರ ಹಾಕುವುದಿಲ್ಲ. ಇಲ್ಲಿ ಕಟ್ಟಿಗೆಯೇ ಗೊಬ್ಬರ, ಅಣಬೆಯೇ ಬೇರು.

ಬಿತ್ತನೆಯ ಗೆಡ್ಡೆಗಳು: ಚೀನದ ರೈತರು ಗೆಡ್ಡೆಗಳನ್ನು ಮೂರು ತರವಾಗಿ ವಿಂಗಡಿಸುವರು. ಅಕ್ಕಿಯಂತೆ ಸಣ್ಣದಾಗಿರುವುದು ಅಕ್ಕಿಗೆಡ್ಡೆ. ನಡುಗಾತ್ರದ, ಹೂಮೊಗ್ಗಿಲ್ಲದ ಗೆಡ್ಡೆಯು ಬಿಳಿಗೆಡ್ಡೆ. ತುದಿಯಲ್ಲಿ ಕೆಂಪು ಮೊಗ್ಗು ಮೂಡಿದ ದೊಡ್ಡದು ಬಾಣಗೆಡ್ಡೆ. ಮೊದಲ ಎರಡನ್ನು ಬಿತ್ತನೆಗೆ ಇಟ್ಟುಕೊಂಡು, ಬಾಣಗೆಡ್ಡೆಯನ್ನು ಮದ್ದಿಗಾಗಿ ಮಾರುವರು. ಆದರೆ ಗೆಡ್ಡೆಯಿಂದಲೇ ಮತ್ತೆ ಮತ್ತೆ ಬೆಳೆದರೆ ತಳಿಯು ಕ್ಷೀಣಿಸುತ್ತ ಹೋಗುವುದು. ಆದುದರಿಂದ ಕೆಲವು ಉತ್ತಮ ಬಾಣಗೆಡ್ಡೆಗಳನ್ನು ಹೂಬಿಡಲು ಬಿಟ್ಟು, ಹೂಗಳಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಿ, ಸುಮಾರು ಮೂರು ವಾರಗಳಲ್ಲಿ ಬಲಿಯುವ ಕಾಯಿಗಳನ್ನು ಒಡೆಯುವ ಮುಂಚೆಯೇ ಕೀಳುವರು. ಬೀಜವು ಬಹುಬೇಗ ಸತ್ವ ಕಳೆದುಕೊಳ್ಳುವುದರಿಂದ, ಮೈಸಿನ ಹಿಡಿಸಿದ ಎಲೆಗಳೊಂದಿಗೆ ಬೆರಸಿ ತಡಮಾಡದೆ ಬಿತ್ತುವರು. ಹೀಗೆ ಬಿತ್ತಿದ ಬೀಜವು ಮಾರುವ ಗೆಡ್ಡೆಯಾಗುವುದು ಮರುವರ್ಷದ ಚಳಿಗಾಲಕ್ಕೆ.

ಬೆಳೆಯ ಅಪಾಯಗಳು: ಈ ಬೆಳೆಯಲ್ಲಿ ಅಣಬೆಯು ಮಿತ್ರನೂ ಹೌದು, ಶತ್ರುವೂ ಹೌದು. ಗೆಡ್ಡೆಯು ಬಲಿಯುವ ಶರತ್ಕಾಲದಲ್ಲಿ ಮಳೆ ಹೆಚ್ಚಾಗಿ ಗುಣಿಯಲ್ಲಿ ನೀರು ನಿಂತರೆ, ಅಣಬೆಯ ಕೈ ಮೇಲಾಗಿ, ತನ್ನನ್ನು ತಿನ್ನುತ್ತಿದ್ದ ಗೆಡ್ಡೆಯನ್ನೇ ತಿಂದುಬಿಡುವುದು. ಅಲ್ಲದೆ ಒಮ್ಮೆ ಬೆಳೆದ ಗುಣಿಯಲ್ಲಿ ಕೂಡಲೆ ಮತ್ತೆ ಬೆಳೆದರೆ ಇಳುವರಿಯು ಬಹಳ ಕುಗ್ಗುವುದು. ಆದುದರಿಂದ ಕೆಲವು ವರ್ಷಗಳವರೆಗೆ ಜಾಗವನ್ನು ಬದಲಾಯಿಸಬೇಕಾಗುವುದು. ಪ್ರತಿ ಬೆಳೆಗೂ ಹೊಸ ಕಟ್ಟಿಗೆ ಬೇಕಾದುದರಿಂದ, ಹತೋಟಿಯಿಲ್ಲದ ಕಡೆ ಕಾಡಿಗೆ ಹಾನಿಯುಂಟಾಗುವುದು. ಕಾಡಿನ ಗೆಡ್ಡೆಯನ್ನು ಉಳಿಸಲು ಹುಟ್ಟಿದ ಬೇಸಾಯವು ಕಾಡಿನ ಮರವನ್ನು ನುಂಗದಂತೆ ನೋಡಿಕೊಳ್ಳುವುದು ಆ ದೇಶದವರಿಗೆ ಈಗಿರುವ ದೊಡ್ಡ ಹೊಣೆಯಾಗಿದೆ.

೬. ಅಗೆದು ಒಣಗಿಸುವ ಬಗೆ

ಚಳಿಗಾಲದ ಮೊದಲಿನಿಂದ ವಸಂತದ ಮೊದಲವರೆಗೆ, ಎಂದರೆ ಹೂದಂಟು ಏಳುವ ಮುಂಚೆ, ಗೆಡ್ಡೆಯನ್ನು ಅಗೆಯುವರು. ಚಳಿಗಾಲದಲ್ಲಿ ಅಗೆದುದು ಗಟ್ಟಿಯಾಗಿಯೂ ತೂಕವಾಗಿಯೂ ಇದ್ದು ಹೆಚ್ಚಿನ ಬೆಲೆಗೆ ಹೋಗುವುದು. ದಂಟು ಎದ್ದ ಮೇಲೆ ಅಗೆದ ಗೆಡ್ಡೆಯು ತನ್ನ ಸಾರವನ್ನು ಹೂವಿಗೆ ಕೊಟ್ಟು, ಒಳಗೆ ಪೊಳ್ಳಾಗಿರುವುದು.

ಗೆಡ್ಡೆಗಳನ್ನು ಅಗೆದ ಕೂಡಲೆ ತೊಳೆದು, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ, ನಡುವಿನ ಬಿಳಿಯ ತಿರುಳು ಮಾಯವಾಗುವವರೆಗೆ ಹಬೆಯಲ್ಲಿ ಬೇಯಿಸುವರು. ಬಳಿಕ ಮಂದವಾದ ಕಾವಿನಲ್ಲಿ ನಿಧಾನವಾಗಿ ಒಣಗಿಸುವರು. ಹಸಿಯ ನಾಲ್ಕೈದು ಪಾಲು ಒಣಗಿ ಒಂದು ಪಾಲಾಗುವುದು. ಬೇಯಿಸುವುದಕ್ಕೆ ತಡಮಾಡಿದರೆ ಗೆಡ್ಡೆಯೊಳಗಿನ ಔಷಧಾಂಶವು ಒಡೆದುಹೋಗುವುದು. ಅತಿಕಾವಿನಲ್ಲಿ ಒಣಗಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುವುದು. ನಮ್ಮ ಅರಿಸಿನವನ್ನು ಬೇಯಿಸಿ ಒಣಗಿಸುವವರಿಗೆ ಈ ಕೆಲಸದ ನಾಜೂಕು ಸುಲಭವಾಗಿ ತಿಳಿಯುವುದು.

೭. ನಿಜವಾದುದನ್ನು ಗುರುತಿಸುವುದು

ಬೆಲೆಬಾಳುವ ವಸ್ತುವಿಗೆ ನಕಲು ಹುಟ್ಟುವುದು ಎಲ್ಲ ದೇಶಗಳಲ್ಲಿಯೂ ಉಂಟು. ಆಲೂಗೆಡ್ಡೆ, ಡೇಲಿಯ ಹೂಗಿಡದ ಗೆಡ್ಡೆ, ಕ್ಯಾನಾ ಜಾತಿಯ ಗೆಡ್ಡೆ, ನಮ್ಮ ಹಿತ್ತಿಲಲ್ಲಿ ಬೆಳೆಯುವ ಸಂಜೆಮಲ್ಲಿಗೆಯ ಬೇರು, ಇವುಗಳನ್ನು ಬೇಯಿಸಿ, ಒತ್ತಿ, ಒಣಗಿಸಿ ತಿಯೆನ್‌ಮಾ ಎಂದು ಮಾರಿರುವುದು ಚೀನದಲ್ಲಿ ಕಂಡುಬಂದಿದೆ. ನಿಜವಾದ ಗೆಡ್ಡೆಗೆ ಈ ಗುರುತುಗಳಿರುವುವು: ಒಂದು ತುದಿಯಲ್ಲಿ ಗಿಣಿಯ ಕೊಕ್ಕಿನಂತಹ ಕಂದುಗೆಂಪು ಮೊಗ್ಗು, ಇನ್ನೊಂದು ತುದಿಯಲ್ಲಿ ಹೊಕ್ಕುಳಿನಂತಹ ಗುಂಡು ಗಾಯದ ಕಲೆ, ಮೈಮೇಲೆ ಚುಕ್ಕೆಗಳಿಂದಾದ ಅನೇಕ ಉಂಗುರಗಳು, ಮುರಿದರೆ ಕೊಂಬಿನಂತೆ ನಯವಾದ, ಅರೆಪಾರದರ್ಶಕವಾದ ಒಳಭಾಗ. ಪುಡಿಮಾಡಿದ ಮೇಲೆ ಈ ಗುರುತುಗಳಾವುವೂ ಉಳಿಯವು. ಆದುದರಿಂದ ಪುಡಿಯನ್ನೂ ಮಾತ್ರೆಯನ್ನೂ ಬರಿಯ ಹೆಸರನ್ನು ನಂಬಿ ಕೊಳ್ಳತಕ್ಕದ್ದಲ್ಲ.

೮. ಮದ್ದಿನ ಗುಣವು ಎಷ್ಟರಮಟ್ಟಿಗೆ ಸಿದ್ಧವಾಗಿದೆ?

೧೯೭೦ರ ದಶಕದಲ್ಲಿ ಕುನ್‌ಮಿಂಗ್ ನಗರದ ಸಸ್ಯಶಾಸ್ತ್ರ ಸಂಸ್ಥೆಯವರು ಈ ಗೆಡ್ಡೆಯಿಂದ ಗ್ಯಾಸ್ಟ್ರೋಡಿನ್ ಎಂಬ ಮುಖ್ಯಾಂಶವನ್ನು ಬೇರ್ಪಡಿಸಿದರು. ಇದನ್ನು ಈಗ ರಸಾಯನಕ್ರಮದಿಂದಲೂ ತಯಾರಿಸುವರು. ಚೀನದ ಆಸ್ಪತ್ರೆಗಳಲ್ಲಿ ತಲೆಸುತ್ತಿಗೂ ತಲೆನೋವಿಗೂ ಇದನ್ನು ಮಾತ್ರೆಯಾಗಿಯೂ ಸೂಜಿಮದ್ದಾಗಿಯೂ ಕೊಡುವುದುಂಟು. ಚೀನದ ಸರ್ಕಾರದ ಔಷಧಕೋಶದಲ್ಲಿ ಒಣಗೆಡ್ಡೆಯ ದಿನದ ಪ್ರಮಾಣವನ್ನು ೩ರಿಂದ ೧೦ ಗ್ರಾಂ ಎಂದು ಗೊತ್ತುಪಡಿಸಿದೆ. ೨೦೨೩ರಲ್ಲಿ ಆ ಸರ್ಕಾರವು ಇದನ್ನು ಆಹಾರವಾಗಿಯೂ ಬಳಸಬಹುದಾದ ಮೂಲಿಕೆಗಳ ಪಟ್ಟಿಗೆ ಸೇರಿಸಿತು. ಕೋಳಿಯ ಸಾರಿನಲ್ಲಿ ಇದರ ಬಿಲ್ಲೆಗಳನ್ನು ಹಾಕಿ ಉಣ್ಣುವುದು ಅಲ್ಲಿಯ ಬೆಟ್ಟಸೀಮೆಯ ರೂಢಿ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಮರೆಮಾಚದೆ ಹೇಳಬೇಕು. ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಈ ಮದ್ದು ನರಗಳನ್ನು ಶಾಂತಗೊಳಿಸುವಂತೆ ಕಂಡುಬಂದಿದೆ. ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಬಹುಪಾಲು ಚಿಕ್ಕವು. ಅವುಗಳ ಕ್ರಮದಲ್ಲಿಯೂ ಲೋಪಗಳಿವೆ. ಬಹಳ ಮಟ್ಟಿಗೆ ಬೇರೆ ಮದ್ದಿನೊಂದಿಗೆ ಕೂಡಿಸಿ ಕೊಟ್ಟು ನೋಡಿದುದರಿಂದ, ಬಂದ ಗುಣವು ಯಾವುದರಿಂದ ಬಂದಿತೆಂದು ಬಿಡಿಸಿ ಹೇಳುವುದು ಕಷ್ಟ. ಆದುದರಿಂದ, ತಿಯೆನ್‌ಮಾ ತಲೆಸುತ್ತನ್ನು ನಿಶ್ಚಯವಾಗಿ ಗುಣಪಡಿಸುವುದೆಂದು ಹೇಳುವಷ್ಟು ಆಧಾರವು ದೊರೆತಿಲ್ಲ. ಕೆಲವರಿಗೆ ಇದರಿಂದ ಮೈತುರಿಕೆ, ದದ್ದು, ಓಕರಿಕೆ ಉಂಟಾದುದೂ ವರದಿಯಾಗಿದೆ. ಗರ್ಭಿಣಿಯರೂ, ರಕ್ತದೊತ್ತಡಕ್ಕೆ ಅಥವಾ ನಿದ್ರೆಗೆ ಮದ್ದು ತೆಗೆದುಕೊಳ್ಳುತ್ತಿರುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

೯. ತಲೆಸುತ್ತು ರೋಗವಲ್ಲ, ರೋಗದ ಕೂಗು

ಈ ಪಾಠದಲ್ಲಿ ಗ್ರಾಮದ ಮುಖಂಡರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ ಭಾಗವು ಇದೇ. ತಲೆಸುತ್ತು ಒಂದೇ ರೋಗವಲ್ಲ. ಅನೇಕ ರೋಗಗಳು ತಮ್ಮ ಇರವನ್ನು ಸಾರುವ ಕೂಗು. ಕೂಗನ್ನು ಅಡಗಿಸುವುದರಿಂದ ಕಳ್ಳನು ಹೋದಂತಾಗದು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ತಲೆಯೆತ್ತಿ ಅಟ್ಟವನ್ನು ನೋಡಿದಾಗ ಜಗತ್ತೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಲ್ಲುವ ತಲೆಸುತ್ತು ಬಹು ಸಾಮಾನ್ಯ. ಒಳಕಿವಿಯಲ್ಲಿರುವ ಸಣ್ಣ ಸುಣ್ಣದ ಹರಳುಗಳು ಸ್ಥಾನ ತಪ್ಪುವುದೇ ಇದರ ಕಾರಣ. ಜಾನ್ ಎಪ್ಲಿ ಎಂಬ ಅಮೆರಿಕದ ವೈದ್ಯರು ೧೯೯೨ರಲ್ಲಿ ಪ್ರಕಟಿಸಿದ ಕ್ರಮದಂತೆ, ರೋಗಿಯ ತಲೆಯನ್ನು ಗೊತ್ತಾದ ರೀತಿಯಲ್ಲಿ ತಿರುಗಿಸಿ, ಹರಳುಗಳನ್ನು ಸ್ವಸ್ಥಾನಕ್ಕೆ ತರುವರು. ಇದಕ್ಕೆ ಯಾವ ಗೆಡ್ಡೆಯೂ ಬೇಕಿಲ್ಲ. ಕೈಬಲ್ಲ ವೈದ್ಯರ ಕೆಲವು ನಿಮಿಷಗಳು ಸಾಕು.

ಎದ್ದುನಿಂತೊಡನೆ ಕಣ್ಣುಕತ್ತಲೆಯಾಗುವುದು ರಕ್ತದೊತ್ತಡದ ಇಳಿತದಿಂದ ಇರಬಹುದು. ದುಡಿಯುವ ಹೆಂಗಸರಲ್ಲಿ ಅನೇಕ ವೇಳೆ ರಕ್ತಹೀನತೆಯೇ ಇದಕ್ಕೆ ಮೂಲ. ಬರಿಗಾಲಿನಲ್ಲಿ ಹೊಲದಲ್ಲಿ ನಡೆಯುವವರಿಗೆ ತಗಲುವ ಕೊಕ್ಕೆಹುಳುವೂ ರಕ್ತವನ್ನು ಕುಗ್ಗಿಸುವುದು. ಇಂತಹವರಿಗೆ ಕಬ್ಬಿಣಾಂಶದ ಮಾತ್ರೆ, ಹುಳುವಿನ ಮದ್ದು ಹಾಗೂ ಸರಿಯಾದ ಊಟ ಬೇಕು. ಸಕ್ಕರೆ ಕಾಯಿಲೆಗೆ ಮದ್ದು ತೆಗೆದುಕೊಂಡು ಊಟ ತಪ್ಪಿಸಿದವರಿಗೂ ತಲೆ ಸುತ್ತುವುದು.

ಆದರೆ ಎರಡು ಸಂದರ್ಭಗಳಲ್ಲಿ ಒಂದು ಗಳಿಗೆಯನ್ನೂ ಕಳೆಯಬಾರದು.

ಮೊದಲನೆಯದು ಪಾರ್ಶ್ವವಾಯು. ತಲೆಸುತ್ತಿನೊಂದಿಗೆ ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ನಿಲ್ಲಲಾರದಂತೆ ಒಂದೇ ಕಡೆಗೆ ವಾಲಿದರೆ, ಅದು ಮಿದುಳಿನ ಆಪತ್ತೆಂದು ತಿಳಿಯತಕ್ಕದ್ದು. ರಕ್ತದ ಹೆಪ್ಪನ್ನು ಕರಗಿಸುವ ಮದ್ದನ್ನು ರೋಗವು ತಲೆದೋರಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಕಷಾಯ ಕಾಯಿಸುತ್ತ ಕುಳಿತರೆ ಆ ಹೊತ್ತು ಮೀರಿಹೋಗುವುದು.

ಎರಡನೆಯದು ಬೆಳೆಗೆ ಔಷಧಿ ಹೊಡೆಯುವಾಗ ತಗಲುವ ವಿಷ. ಹೊಲದಲ್ಲಿ ಕೀಟನಾಶಕ ಸಿಂಪಡಿಸುತ್ತಿದ್ದ ಆಳಿಗೆ ತಲೆಸುತ್ತು ಬಂದರೆ, ಅದನ್ನು ಬಿಸಿಲಿನ ದೋಷವೆಂದು ನೆರಳಿನಲ್ಲಿ ಮಲಗಿಸಿ ಸುಮ್ಮನಾಗಬಾರದು. ಬೆವರು, ಜೊಲ್ಲು, ವಾಂತಿ, ಮಾಂಸದ ಅದಿರಾಟ, ಉಸಿರಿನ ಕಷ್ಟ, ಸೂಜಿಮೊನೆಯಂತೆ ಕಿರಿದಾದ ಕಣ್ಣಿನ ಪಾಪೆ, ಇವು ವಿಷದ ಲಕ್ಷಣಗಳು. ಅವನನ್ನು ಹೊಲದಿಂದ ಆಚೆಗೆ ತಂದು, ನೆನೆದ ಬಟ್ಟೆಯನ್ನು ತೆಗೆಸಿ, ಮೈಯನ್ನು ಸೋಪುನೀರಿನಿಂದ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಯಲ್ಲಿ ತೆಗೆದುಕೊಂಡು ಆಸ್ಪತ್ರೆಗೆ ಸಾಗಿಸಬೇಕು. ಡಬ್ಬಿಯ ಮೇಲಿನ ಹೆಸರನ್ನು ನೋಡಿಯೇ ವೈದ್ಯರು ತಕ್ಕ ಪ್ರತಿವಿಷವನ್ನು ಕೊಡುವರು. ಈ ಎರಡು ಸಂದರ್ಭಗಳಲ್ಲಿಯೂ ೧೦೮ಕ್ಕೆ ಕರೆಮಾಡಿ ವಾಹನವನ್ನು ತರಿಸಿಕೊಳ್ಳಬಹುದು. ಆಳು ದುಡಿಯುವುದು ಭೂಮಾಲಿಕರ ಹೊಲದಲ್ಲಿ. ಅವನ ಪ್ರಾಣದ ಹೊಣೆಯ ಒಂದು ಪಾಲು ಅವರದೂ ಆಗಿದೆ.

೧೦. ನಮ್ಮ ನೆಲಕ್ಕೆ ಈ ಬೆಳೆಯೇ?

ಇನ್ನು ಎರಡನೆಯ ಪ್ರಶ್ನೆ. ೩೦ ಡಿಗ್ರಿಯನ್ನು ಮೀರಿದರೆ ಬೆಳೆಯದ ಗೆಡ್ಡೆಗೆ ನಮ್ಮ ಬಯಲುಸೀಮೆಯ ಬೇಸಗೆಯು ಸಲ್ಲದೆಂಬುದು ತಾನೇ ಸ್ಪಷ್ಟವಾಗಿದೆ. "ಮಲೆನಾಡಿನಲ್ಲಿ ತಂಪಿದೆಯಲ್ಲ, ಅಲ್ಲಿ ಹಾಕಿ ನೋಡೋಣ" ಎಂದು ಕೆಲವರಿಗೆ ತೋರಬಹುದು. ಅಲ್ಲಿ ಬೇರೆ ಅಪಾಯವಿದೆ. ತಿಯೆನ್‌ಮಾಗೆ ಅನ್ನವಿಕ್ಕುವ ಆರ್ಮಿಲೇರಿಯವು ಬದುಕಿರುವ ಮರಗಳ ಬೇರನ್ನು ಕೊಳೆಯಿಸುವ ಅಣಬೆಗಳ ಕುಲಕ್ಕೆ ಸೇರಿದೆ. ಹಣ್ಣಿನ ತೋಟಗಳಿಗೂ ಚಹದ ತೋಟಗಳಿಗೂ ಈ ಕುಲವು ಅನೇಕ ದೇಶಗಳಲ್ಲಿ ಹಳೆಯ ಶತ್ರು. ಈಗ ಮಲಾವಿ ಎನಿಸಿರುವ ಆಫ್ರಿಕದ ನ್ಯಾಸಾಲೆಂಡಿನಲ್ಲಿ, ೧೯೩೦ರ ದಶಕದಲ್ಲಿಯೇ ಇದರ ಕಾಟವನ್ನು ತಡೆಯಲು, ಕಾಡುಮರಗಳ ತೊಗಟೆಯನ್ನು ಸುತ್ತಲೂ ಸುಲಿದು, ಬೇರಿನ ಪಿಷ್ಟವು ತೀರಿದ ಮೇಲೆ ಚಹ ನೆಡುವ ಕ್ರಮವನ್ನು ಶೋಧಿಸಬೇಕಾಯಿತು. ಕಾಫಿ, ಅಡಕೆ, ಮೆಣಸು, ನೆರಳಿನ ಮರಗಳು ಒತ್ತಾಗಿರುವ ತೋಟಕ್ಕೆ ಇಂತಹ ಅಣಬೆಯನ್ನು ತಾನಾಗಿ ಕರೆದು ತರುವುದು, ಇಲಿ ಹಿಡಿಯಲು ಮನೆಗೆ ಹಾವನ್ನು ಬಿಟ್ಟಂತೆ.

ಇದಲ್ಲದೆ, ಆರ್ಕಿಡ್ ಜಾತಿಯ ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವು ಕಟ್ಟುಪಾಡಿಗೆ ಒಳಪಟ್ಟಿದೆ. ಹೊರದೇಶದಿಂದ ಬಿತ್ತನೆಯ ಗೆಡ್ಡೆಯನ್ನಾಗಲಿ ಅಣಬೆಯನ್ನಾಗಲಿ ತರುವುದಕ್ಕೆ ೨೦೦೩ರ ಸಸ್ಯ ಸಂಪರ್ಕತಡೆಯ ಆಜ್ಞೆಯಂತೆ ಅನುಮತಿ ಬೇಕು. ಹೀಗಿರುವಲ್ಲಿ, ಬಿತ್ತನೆಗೆಡ್ಡೆಯನ್ನು ಗುಟ್ಟಾಗಿ ತಂದು, ಬೆಳೆದುದನ್ನು ತಾವೇ ಕೊಳ್ಳುವೆವೆಂದು ಹೇಳಿ ಮುಂಗಡ ಹಣ ಕೇಳುವವರು ಬಂದರೆ, ಭೂಮಾಲಿಕರು ಅವರನ್ನು ಮರ್ಯಾದೆಯಿಂದ ಹಿಂದಕ್ಕೆ ಕಳುಹಿಸುವುದು ಕ್ಷೇಮ.

ಹಾಗಾದರೆ ಈ ಪಾಠದಿಂದ ನಮಗೆ ಪ್ರಯೋಜನವಿಲ್ಲವೇ? ಇದೆ. ಚೀನದವರು ಬೆಳೆಗೆ ಗೊಬ್ಬರವನ್ನೂ ನೀರನ್ನೂ ಎಷ್ಟು ಸುರಿದರೂ ಆಗದಿದ್ದ ಕೆಲಸವು, ಆ ಗಿಡವು ಯಾರ ಆಶ್ರಯದಿಂದ ಬದುಕುವುದೆಂಬುದನ್ನು ತಿಳಿದ ಮೇಲೆ ಕೈಗೂಡಿತು. ನಮ್ಮ ಶ್ರೀಗಂಧದ ಸಸಿಯ ಪಕ್ಕದಲ್ಲಿ ತೊಗರಿಯನ್ನೋ ಬೇರೆ ಆಶ್ರಯಗಿಡವನ್ನೋ ನೆಡಬೇಕೆನ್ನುವುದೂ ಇದೇ ಜ್ಞಾನ. ಕಾಡಿನ ಮೂಲಿಕೆಗಳನ್ನು ಬೇರುಸಹಿತ ಅಗೆದು ಮಾರುತ್ತಿರುವ ನಮ್ಮ ಊರುಗಳಲ್ಲಿ, ಅವು ತೀರುವ ಮುಂಚೆ ಅವುಗಳ ಬಾಳಿನ ಗುಟ್ಟನ್ನು ಅರಿತು ಬೆಳೆಯುವುದನ್ನು ಕಲಿಯಬೇಕು. ಅನುಕರಿಸತಕ್ಕದ್ದು ಆ ಗೆಡ್ಡೆಯನ್ನಲ್ಲ, ಆ ತಾಳ್ಮೆಯನ್ನು.

ಸಾರಾಂಶ

(೧) ತಿಯೆನ್‌ಮಾ ಎಲೆಯಿಲ್ಲದ ಆರ್ಕಿಡ್ ಜಾತಿಯ ಗೆಡ್ಡೆ. ಮೊಳೆಯಲು ಮೈಸಿನ ಅಣಬೆಯೂ ಬೆಳೆಯಲು ಆರ್ಮಿಲೇರಿಯ ಅಣಬೆಯೂ ಇದಕ್ಕೆ ಬೇಕು.

(೨) ಚೀನದ ವೈದ್ಯರು ಇದನ್ನು ತಲೆಸುತ್ತಿಗೆ ಬಹುಕಾಲದಿಂದ ಬಳಸುತ್ತಿರುವರು. ಆದರೆ ಇದರ ಗುಣವು ಇನ್ನೂ ನಿಸ್ಸಂಶಯವಾಗಿ ಸ್ಥಾಪಿತವಾಗಿಲ್ಲ.

(೩) ತಲೆಸುತ್ತು ಬಂದಾಗ ಮೊದಲು ಕಾರಣವನ್ನು ಹುಡುಕಿಸತಕ್ಕದ್ದು, ಆಮೇಲೆ ಮದ್ದು. ಪಾರ್ಶ್ವವಾಯುವಿನ ಅಥವಾ ಕೀಟನಾಶಕ ವಿಷದ ಲಕ್ಷಣವಿದ್ದರೆ ಕೂಡಲೆ ಆಸ್ಪತ್ರೆಗೆ ಸಾಗಿಸತಕ್ಕದ್ದು.

(೪) ಈ ಬೆಳೆಯು ನಮ್ಮ ಬಯಲುಸೀಮೆಗೆ ಒಗ್ಗದು. ತೋಟದ ಸೀಮೆಗೆ ಇದರ ಅಣಬೆಯನ್ನು ತರುವುದು ಅಪಾಯ.

ಗ್ರಾಮದ ಮುಖಂಡರು ಈ ಪಾಠದ ಒಂಬತ್ತನೆಯ ಭಾಗವನ್ನು, ಮುಂದಿನ ಬೆಳೆಗೆ ಔಷಧಿ ಹೊಡೆಯುವ ಕಾಲಕ್ಕೆ ಮುಂಚಿತವಾಗಿ, ಓದುಬಾರದ ರೈತರಿಗೂ ಕೂಲಿಯಾಳುಗಳಿಗೂ ಓದಿ ಹೇಳಬೇಕೆಂದು ಕೋರಲಾಗಿದೆ.